ಮಳೆಗಾಲದ ಕೊಕ್ಕು

ಆ ಊರಿನಲ್ಲಿ ಹೊಳೆಯ ದಡಕ್ಕೆ ಹೋದವರು ಯಾರೂ ತಲೆ ಎತ್ತುತ್ತಿರಲಿಲ್ಲ. ನೀರಿಗೆ ಬಂದ ಹೆಂಗಸರು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಬರುತ್ತಿದ್ದರು. ದನದ ಮೈ ತೊಳೆಯಲು ಬಂದ ಗಂಡಸರು ತಮ್ಮ ಹೆಬ್ಬೆರಳನ್ನೇ ನೋಡುತ್ತ ಇಳಿದು, ದನದ ಬೆನ್ನನ್ನೇ ನೋಡುತ್ತ ತಿಕ್ಕಿ, ಮತ್ತೆ ಹೆಬ್ಬೆರಳನ್ನು ನೋಡುತ್ತ ಹತ್ತುತ್ತಿದ್ದರು. ಮರಳ ಮೇಲೆ ಬೆಳ್ಳಕ್ಕಿಗಳು ಇರುತ್ತಿದ್ದವು. ಅವನ್ನು ನೋಡಬಾರದು. ನೀರಿನಲ್ಲಿ ಅವುಗಳ ನೆರಳು ಬಿದ್ದಿದ್ದರೆ ಮೊದಲು ಬಿಂದಿಗೆಯಿಂದ ನೀರು ಕಲಕಿ, ನೆರಳನ್ನು ಒಡೆದು, ಆಮೇಲೆ ತುಂಬಿಕೊಳ್ಳುತ್ತಿದ್ದರು.

ಹಕ್ಕಿಯನ್ನು ನೋಡಬಹುದಾದವಳು ಊರಿಗೆ ಒಬ್ಬಳೇ. ಅವಳನ್ನು ಗುರುತಿನವಳು ಎನ್ನುತ್ತಿದ್ದರು. ಅವಳಿಗೂ ಮಗು ಮೀಯಿಸುವ ದಿನ ಮಾತ್ರ ಅಪ್ಪಣೆ.

ಮಗು ಹುಟ್ಟಿ ಹೊಕ್ಕಳ ಬಳ್ಳಿ ಉದುರಿದ ಮಾರನೆಯ ದಿನ, ಹೊತ್ತು ನೆತ್ತಿಗೆ ಬಂದಾಗ, ತಾಯಿ ಮಗುವನ್ನು ಮೊರದಲ್ಲಿ ಮಲಗಿಸಿಕೊಂಡು ಹೊಳೆಗೆ ಬರುತ್ತಿದ್ದಳು. ಊರೆಲ್ಲ ಹಿಂದೆ ಬರುತ್ತಿತ್ತು. ತಾಯಿ ಮೊಣಕಾಲು ನೀರಿನಲ್ಲಿ ಕುಳಿತು ಮಗುವಿನ ಮೇಲೆ ಬೊಗಸೆ ನೀರು ಬಿಡುತ್ತಿದ್ದಳು. ಅವಳ ಮುಂದೆ, ಎಲ್ಲರಿಗೂ ಬೆನ್ನು ಮಾಡಿ, ಗುರುತಿನವಳು ನಿಲ್ಲುತ್ತಿದ್ದಳು. ಮರಳಿನ ಮೇಲೆ ಮೊದಲು ಬಂದಿಳಿದ ಬೆಳ್ಳಕ್ಕಿಯ ಕೊಕ್ಕನ್ನು ನೋಡಿ ಒಂದೇ ಮಾತು ಹೇಳುತ್ತಿದ್ದಳು. ಹಳದಿ, ಇಲ್ಲವೇ ಕರಿ.

ಹಳದಿ ಎಂದರೆ ಮಗು ಈ ದಡದ್ದು, ಹೊಲದ ದಡದ್ದು. ತಾಯಿ ಮಗುವನ್ನೆತ್ತಿಕೊಂಡು ಮನೆಗೆ ಹೋಗಿ ಬೆಲ್ಲ ಹಂಚುತ್ತಿದ್ದಳು. ಕರಿ ಎಂದರೆ ಮಗು ಆಚೆ ದಡದ್ದು, ದೋಣಿಯವರದ್ದು. ನಡುಹೊಳೆಯಲ್ಲಿ ಕಾಯುತ್ತಿದ್ದ ದೋಣಿ ಹತ್ತಿರ ಬರುತ್ತಿತ್ತು. ದೋಣಿಯವಳು ಕೈ ಚಾಚಿ, "ನಮ್ಮದು ನಮಗೆ ಬಂತು" ಎನ್ನುತ್ತಿದ್ದಳು. ತಾಯಿ ಮೊರವನ್ನು ನೀರಿನ ಮೇಲೆ ತೇಲಿಬಿಟ್ಟು, "ನಿಮ್ಮದು ನಿಮಗೆ ಹೋಯಿತು" ಎನ್ನಬೇಕಿತ್ತು. ಆಚೆ ದಡದಲ್ಲೂ ಹೀಗೇ ನಡೆಯುತ್ತಿತ್ತು. ಅಲ್ಲಿ ಹಳದಿ ಎನಿಸಿಕೊಂಡ ಮಕ್ಕಳು ಇಲ್ಲಿಗೆ ಬರುತ್ತಿದ್ದವು. ಮಗು ಹೆತ್ತವರದಲ್ಲ, ಹಕ್ಕಿಯದು ಎಂದು ಎರಡು ದಡದವರೂ ನಂಬಿದ್ದರು. ಹೋದ ಮಗುವಿನ ಮಾತನ್ನು ಯಾರೂ ಆಡುತ್ತಿರಲಿಲ್ಲ. ಸಂಜೆಯ ಹೊತ್ತು ಹೊಳೆಯ ಕಡೆಯಿಂದ ಕೂಗಿದಂತೆ, ನಕ್ಕಂತೆ ಸದ್ದು ಕೇಳುತ್ತಿತ್ತು. ಅದನ್ನು ನೀರಿನ ಸದ್ದು ಎನ್ನುತ್ತಿದ್ದರು.

ಗುರುತಿನವಳಿಗೆ ಒಬ್ಬ ತಂಗಿಯಿದ್ದಳು. ಬುಟ್ಟಿ ಹೆಣೆಯುವವಳು. ಅವಳಿಗೆ ಹುಟ್ಟಿದ ಮೊದಲ ಮಗು ಗಂಡು. ಮಳೆಗಾಲದಲ್ಲಿ ಹುಟ್ಟಿತು. ಗುರುತಿನವಳು ನೋಡಿ ಕರಿ ಎಂದಳು. ಎರಡನೆಯದು ಹೆಣ್ಣು. ಅದೂ ಮಳೆಗಾಲದಲ್ಲೇ. ಅವತ್ತೂ ಗುರುತಿನವಳ ಬಾಯಿಂದ ಕರಿ ಎಂದೇ ಬಂತು. ತಂಗಿ ಮೊದಲ ಸಲ ಹೇಳಬೇಕಾದ ಮಾತನ್ನು ಹೇಳಿದಳು. ಎರಡನೆಯ ಸಲ ತುಟಿ ಮಾತ್ರ ಅಲ್ಲಾಡಿತು, ದನಿ ಬರಲಿಲ್ಲ. ಅಕ್ಕನನ್ನು ದೂರಲಿಲ್ಲ. ಹಬ್ಬಕ್ಕೆ ಕರೆದಳು, ಊಟಕ್ಕೆ ಬಡಿಸಿದಳು, ಹೊಸ ಬುಟ್ಟಿ ಹೆಣೆದಾಗ ಚೆನ್ನಾಗಿರುವುದನ್ನು ಅಕ್ಕನಿಗೇ ಕೊಟ್ಟಳು. ಒಂದು ಮಾತು ಬೈದಿದ್ದರೆ ಎದೆ ಹಗುರವಾಗುತ್ತಿತ್ತು ಎಂದು ಗುರುತಿನವಳಿಗೆ ಎಷ್ಟೋ ಸಲ ಅನ್ನಿಸಿತ್ತು. ತಂಗಿಯ ಅಂಗಳದಲ್ಲಿ ಕೂತಾಗ ಬಿದಿರು ಸೀಳುವ ಸದ್ದು ಬಿಟ್ಟರೆ ಬೇರೆ ಸದ್ದೇ ಇರುತ್ತಿರಲಿಲ್ಲ.

ಮೂರನೆಯ ಸಲ ತಂಗಿ ಬಸುರಾದಳು. ಬೇಸಿಗೆ ಮುಗಿಯುತ್ತ ಬಂದಿತ್ತು. ಒಂದು ದಿನ ಅಕ್ಕ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ತಂಗಿ, ಕೈಯಲ್ಲಿದ್ದ ಬಿದಿರಿನ ಸೀಳನ್ನು ಬಗ್ಗಿಸುತ್ತ, ತಿರುಗಿ ನೋಡದೆ ಹೇಳಿದಳು.

"ಅಕ್ಕಾ, ಈ ಸಲ ಚೆನ್ನಾಗಿ ನೋಡು."

ಅಷ್ಟೇ. ಸುಳ್ಳು ಹೇಳು ಎನ್ನಲಿಲ್ಲ, ಕರುಣೆ ತೋರಿಸು ಎನ್ನಲಿಲ್ಲ. ಗುರುತಿನವಳು ಎಣ್ಣೆಯ ಬಟ್ಟಲನ್ನು ಇಟ್ಟು ಮನೆಗೆ ಬಂದಳು. ಆ ಮಾತು ಅವಳ ಜೊತೆಗೇ ಬಂತು. ಚೆನ್ನಾಗಿ ನೋಡುವುದು ಎಂದರೇನು? ಅವಳು ಈವರೆಗೆ ನೋಡಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಹಕ್ಕಿ ಇಳಿಯಬೇಕು, ಕೊಕ್ಕು ಕಾಣಬೇಕು, ಮಾತು ಹೊರಡಬೇಕು, ತಲೆ ಮತ್ತೆ ಬಗ್ಗಬೇಕು. ಹಕ್ಕಿಯ ಆಚೆಗೆ ಕಣ್ಣು ಹಾಯಿಸುವುದು ಗುರುತಿನವಳ ಕೆಲಸವಲ್ಲ ಎಂದು ಅವಳಿಗೆ ಹೇಳಿಕೊಟ್ಟವಳು ಹೇಳಿದ್ದಳು. ಬೆಳ್ಳಕ್ಕಿ ಹೇಗೆ ನಡೆಯುತ್ತದೆ, ಏನು ತಿನ್ನುತ್ತದೆ, ಅವಳಿಗೂ ಗೊತ್ತಿರಲಿಲ್ಲ.

ಮಾರನೆಯ ಬೆಳಗ್ಗೆ, ಹೊಳೆಯ ಮೇಲೆ ಇನ್ನೂ ಮಂಜು ಮಲಗಿರುವಾಗ, ಅವಳು ದಡಕ್ಕೆ ಹೋಗಿ ಲಕ್ಕಿ ಗಿಡಗಳ ಮರೆಯಲ್ಲಿ ಕುಳಿತು ತಲೆ ಎತ್ತಿದಳು. ಏನೂ ಆಗಲಿಲ್ಲ. ಮಂಜಿನೊಳಗಿಂದ ಬಿಳಿ ಹಕ್ಕಿಗಳು ಒಂದೊಂದಾಗಿ ಕಾಣಿಸಿಕೊಂಡವು. ಆಚೆ ದಡ ಕಾಣುತ್ತಿರಲಿಲ್ಲ, ಹೊಳೆಯ ನಡುವೂ ಕಾಣುತ್ತಿರಲಿಲ್ಲ. ಇಷ್ಟು ಮರಳು, ಇಷ್ಟು ನೀರು, ಅದರ ಅಂಚಿನಲ್ಲಿ ಬೆಳ್ಳಕ್ಕಿಗಳು. ಅವಳು ದಿನಾ ಹೋಗತೊಡಗಿದಳು.

ನೋಡುತ್ತ ನೋಡುತ್ತ ಎರಡೂ ಬೇರೆ ಬೇರೆಯಾದವು. ಕರಿ ಕೊಕ್ಕಿನದು ತುಸು ಸಣ್ಣದು, ಚುರುಕು. ನೀರಿಗಿಳಿದು ಒಂದು ಕಾಲನ್ನು ಮುಂದಿಟ್ಟು ಕೆಸರನ್ನು ನಡುಗಿಸುತ್ತಿತ್ತು. ಅಡಗಿದ್ದ ಮೀನು ಎದ್ದೋಡಿದರೆ ಅದರ ಹಿಂದೆ ತಾನೂ ಓಡುತ್ತಿತ್ತು. ಹಳದಿ ಕೊಕ್ಕಿನದಕ್ಕೆ ಆತುರವಿಲ್ಲ. ಉದ್ದನೆಯ ಕತ್ತನ್ನು ಓರೆಯಾಗಿ ಹಿಡಿದು, ಒಂದು ಹೆಜ್ಜೆ ಇಟ್ಟು, ಎರಡನೆಯದನ್ನು ಇಡುವುದೋ ಬೇಡವೋ ಎಂದು ಯೋಚಿಸುತ್ತ ನಿಲ್ಲುತ್ತಿತ್ತು. ಇನ್ನೊಂದು ವ್ಯತ್ಯಾಸ ಅವಳಿಗೆ ಬಹಳ ದಿನ ಕಾಣಲಿಲ್ಲ, ಏಕೆಂದರೆ ಅದು ಕೆಸರಿನೊಳಗಿತ್ತು. ಕರಿ ಕೊಕ್ಕಿನದು ಒಮ್ಮೆ ಕಾಲೆತ್ತಿ ಕಲ್ಲಿನ ಮೇಲಿಟ್ಟಾಗ ಅದರ ಬೆರಳುಗಳು ಹಳದಿಯಾಗಿದ್ದವು, ಅರಿಶಿನ ಕಲಸಿದ ನೀರಿಗೆ ಕಾಲಿಟ್ಟು ಬಂದ ಹಾಗೆ. ಹಳದಿ ಕೊಕ್ಕಿನದರ ಬೆರಳುಗಳು ಕಾಲಿನಂತೆಯೇ ಕಪ್ಪು. ಅವಳಿಗೆ ನಗು ಬಂತು. ದಡದಲ್ಲಿ ಕೂತು ಅವಳು ನಕ್ಕಿದ್ದು ಅದೇ ಮೊದಲು.

ಹಳದಿ ಕೊಕ್ಕಿನವುಗಳಲ್ಲಿ ಒಂದರ ಬಲಗಾಲಿನ ಬೆರಳು ಮುರಿದು ವಾರೆಯಾಗಿತ್ತು. ಅದು ದಿನಾ ಅದೇ ಕಲ್ಲಿನ ಬಳಿ ಬರುತ್ತಿತ್ತು. ಅವಳಿಗೆ ಅದು ನೆಂಟರಷ್ಟು ಹತ್ತಿರವಾಯಿತು. ಮೊದಲ ಮಳೆ ಬಿದ್ದ ಮೇಲೆ ಅದರ ಕೊಕ್ಕಿನ ತುದಿ ಮಸುಕಾಗಿರುವುದನ್ನು ಕಂಡಳು. ಕೆಸರು ಮೆತ್ತಿರಬೇಕು ಎಂದುಕೊಂಡಳು. ಮಾರನೆಯ ದಿನ ಮಸುಕು ಇನ್ನಷ್ಟು ಮೇಲೇರಿತ್ತು. ಒಲೆಗೆ ಹಾಕಿದ ಕಡ್ಡಿ ತುದಿಯಿಂದ ಕರಕಾಗುತ್ತ ಬರುವ ಹಾಗೆ ಆ ಕೊಕ್ಕು ದಿನದಿನಕ್ಕೆ ಕಪ್ಪಾಯಿತು. ಕಣ್ಣಿನ ಬಳಿ ಚರ್ಮ ಹಸಿರಾಯಿತು, ಬೆನ್ನಿನ ಮೇಲೆ ಜಾಲರಿಯಂಥ ಗರಿ ಮೂಡಿತು. ಕೊನೆಗೆ ಒಂದು ಬೆಳಗ್ಗೆ, ಅಷ್ಟೂ ಹಳದಿ ಕೊಕ್ಕಿನವು ಕರಿ ಕೊಕ್ಕಿನವಾಗಿ ನಿಂತಿದ್ದವು. ವಾರೆ ಬೆರಳು ಹಾಗೇ ಇತ್ತು. ಹಕ್ಕಿ ಅದೇ.

ಮಳೆಗಾಲದಲ್ಲಿ ಎಲ್ಲ ಕೊಕ್ಕೂ ಕಪ್ಪು. ಮಳೆಗಾಲದಲ್ಲಿ ಹುಟ್ಟಿದ ಯಾವ ಮಗುವೂ ಈ ದಡದಲ್ಲಿ ಉಳಿದಿರಲಿಲ್ಲ. ಅವಳು ಕಳಿಸಿದವು, ಅವಳಿಗಿಂತ ಮೊದಲಿನವಳು ಕಳಿಸಿದವು, ಅದಕ್ಕೂ ಮೊದಲಿನವಳು ಕಳಿಸಿದವು. ಊರಿನ ಅಂಗಳಗಳು ಯಾಕೆ ಅಷ್ಟು ಸುಮ್ಮನಿರುತ್ತವೆ ಎಂದು ಅವಳಿಗೆ ಆಗ ತಿಳಿಯಿತು.

ಅವಳು ಊರ ಹಿರಿಯನ ಬಳಿ ಹೋದಳು. ಹಿರಿಯ ಬಹಳ ಮುದುಕ. ದಡದಲ್ಲಿ ತಲೆ ಬಗ್ಗಿಸಿ ಬಗ್ಗಿಸಿ ಅವನ ಕತ್ತು ಮನೆಯಲ್ಲೂ ಬಗ್ಗಿಯೇ ಇರುತ್ತಿತ್ತು. ಅವಳು ಕಂಡದ್ದನ್ನೆಲ್ಲ ಹೇಳಿದಳು. ಮಗುವಿಲ್ಲದ ದಿನ ಹಕ್ಕಿ ನೋಡಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಹಿರಿಯ ಗದರಲಿಲ್ಲ. ತನ್ನ ಅಂಗೈಯನ್ನು ನೋಡಿಕೊಂಡ. ಹಿಂದಿನವರು ಕೊಕ್ಕು ಎಂದಿದ್ದಾರೆ, ಕಾಲು ಎಂದಿಲ್ಲ ಎಂದ. ಹಿಂದಿನವರು ನೋಡಿರಲಿಲ್ಲ ಎಂದಳು ಅವಳು.

"ಇದನ್ನ ಯಾರ ಹತ್ತಿರವೂ ಆಡಬೇಡ ತಾಯಿ," ಎಂದ ಹಿರಿಯ. "ಮಳೆಗಾಲದಲ್ಲಿ ಹೆತ್ತ ಹೆಂಗಸರು ಎಷ್ಟು ಜನ ಇದ್ದಾರೆ ಈ ಊರಲ್ಲಿ. ಅವರಿಗೆ ಇದು ಗೊತ್ತಾದರೆ ಅವರನ್ನ ಹಿಡಿಯೋರು ಯಾರು?"

ಆಮೇಲೆ ದನಿ ತಗ್ಗಿಸಿ, ನಿನ್ನ ತಂಗಿಯ ಮಗುವಿಗೆ ಹಳದಿ ಎಂದುಬಿಡು, ನಿನ್ನ ಬಾಯಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ, ಯಾರೂ ಕೇಳುವುದಿಲ್ಲ ಎಂದ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಅವನಿಗೆ ತಿಳಿದ ದಯೆ ಅದು. ಮನೆಗೆ ಬರುವ ದಾರಿಯಲ್ಲಿ ಅವಳು ತನ್ನಷ್ಟಕ್ಕೆ ಗಟ್ಟಿ ಮಾಡಿಕೊಂಡಳು. ಕೊಕ್ಕು ಬೇಡ, ಕಾಲು ನೋಡುತ್ತೇನೆ. ಕಪ್ಪು ಬೆರಳು ಕಂಡರೆ ಹಳದಿ ಎನ್ನುತ್ತೇನೆ. ಅದು ಸುಳ್ಳೂ ಅಲ್ಲ. ತಂಗಿಯ ಮಗು ಉಳಿಯುತ್ತದೆ.

ಮಳೆ ಜೋರಾಗಿದ್ದಾಗಲೇ ತಂಗಿ ಹೆತ್ತಳು. ಗಂಡು ಮಗು. ಹೊಕ್ಕಳ ಬಳ್ಳಿ ಉದುರಿದ ಮಾರನೆಯ ದಿನ ಮಳೆ ಹೊಳವಾಯಿತು. ಬಿಸಿಲು ಬಿತ್ತು. ಊರೆಲ್ಲ ತಲೆ ಬಗ್ಗಿಸಿಕೊಂಡು ದಡಕ್ಕೆ ಬಂತು. ತಂಗಿಯ ಗಂಡ ಮೊರವನ್ನು ಹಿಡಿದು ತಂದ. ತಂಗಿ ಮೊಣಕಾಲು ನೀರಿನಲ್ಲಿ ಕೂತು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಹಿರಿಯ ದಡದ ಕಲ್ಲಿನ ಮೇಲೆ ಕೂತ. ನಡುಹೊಳೆಯಲ್ಲಿ ದೋಣಿ ನಿಂತಿತ್ತು. ಗುರುತಿನವಳು ನೀರಿಗಿಳಿದು ಎಲ್ಲರಿಗೂ ಬೆನ್ನು ಮಾಡಿ ನಿಂತಳು.

ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ಬೆಳ್ಳಕ್ಕಿ ರೆಕ್ಕೆಯನ್ನು ಎರಡು ಸಲ ಬಡಿದು ನೀರಿನ ಅಂಚಿಗೆ ಇಳಿಯಿತು. ಕೊಕ್ಕು ಕಪ್ಪು. ಕಾಲು ಕೆಸರಿನೊಳಗೆ. ಊರು ಮಾತಿಗಾಗಿ ಕಾಯಿತು. ಗುರುತಿನವಳು ಹಕ್ಕಿ ಕಾಲೆತ್ತುವುದನ್ನು ಕಾದಳು. ಇಷ್ಟು ಹೊತ್ತು ಅವಳು ಎಂದೂ ತಡೆದಿರಲಿಲ್ಲ. ಹಿಂದಿನಿಂದ ಯಾರೋ ಕೆಮ್ಮಿದರು. ಮಗು ಒಮ್ಮೆ ಅತ್ತು ಸುಮ್ಮನಾಯಿತು. ಹಕ್ಕಿ ಒಂದು ಕಾಲನ್ನು ಮುಂದಿಟ್ಟು ಕೆಸರನ್ನು ನಡುಗಿಸಿತು. ಹಾಗೆ ಮಾಡುವುದು ಯಾವ ಹಕ್ಕಿ ಎಂದು ಅವಳಿಗೆ ಗೊತ್ತಿತ್ತು. ಹಕ್ಕಿ ಕಾಲೆತ್ತಿತು. ಬೆರಳುಗಳು ಅರಿಶಿನದಂತೆ ಹಳದಿಯಾಗಿದ್ದವು.

ಅದು ಕರಿ ಕೊಕ್ಕಿನದೇ. ಬೇಸಿಗೆಯಲ್ಲೂ ಕರಿ, ಮಳೆಯಲ್ಲೂ ಕರಿ.

ಸುಳ್ಳು ಹೇಳಿದರೆ ಮಗು ಉಳಿಯುತ್ತಿತ್ತು. ಹಿರಿಯ ಹೇಳಿಕೊಟ್ಟ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹಾಗೆ ಹೇಳಿದರೆ ತಂಗಿ ಬೆಲ್ಲ ಹಂಚುತ್ತಾಳೆ, ಅಕ್ಕ ಅದನ್ನು ತಿನ್ನಬೇಕು, ಬರುವ ತಿಂಗಳು ಇನ್ನೊಬ್ಬಳು ಮೊರ ಹಿಡಿದು ಬರುತ್ತಾಳೆ, ಅವಳಿಗೆ ಅಕ್ಕನಿಲ್ಲ. ಗುರುತಿನವಳು ಊರಿನ ಕಡೆಗೆ ತಿರುಗಿದಳು. ಮೀಯಿಸುವ ಹೊತ್ತಿನಲ್ಲಿ ಯಾವ ಗುರುತಿನವಳೂ ತಿರುಗಿರಲಿಲ್ಲ.

"ಈ ಮಗುವಿನ ಹಕ್ಕಿ ಕರಿಯದೇ," ಎಂದಳು ತಂಗಿಗೆ. "ನೀನು ಹೇಳಿದ ಹಾಗೆ ಚೆನ್ನಾಗಿ ನೋಡಿದೆ. ಆದರೆ ನಿನ್ನ ಮೊದಲಿನ ಎರಡು ಯಾರವು ಅಂತ ನನಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಎಲ್ಲ ಕೊಕ್ಕೂ ಕಪ್ಪಾಗುತ್ತೆ."

ದಡದಲ್ಲಿ ಗುಸುಗುಸು ಎದ್ದಿತು. ಹಿರಿಯ ಕೋಲನ್ನು ಕಲ್ಲಿಗೆ ಕುಟ್ಟಿದ. ಮಳೆಗಾಲದಲ್ಲಿ ಮಗನನ್ನು ಕಳಿಸಿದ್ದ ಒಬ್ಬ ಹೆಂಗಸು, ನೀನು ಹೇಳುವುದನ್ನು ನಾವು ನಂಬುವುದಾದರೂ ಹೇಗೆ ಎಂದು ನೆಲ ನೋಡುತ್ತಲೇ ಕೇಳಿದಳು.

"ನಂಬಬೇಡಿ," ಎಂದಳು ಗುರುತಿನವಳು. "ತಲೆ ಎತ್ತಿ ನೋಡಿ."

ಎಲ್ಲರಿಗಿಂತ ಮೊದಲು ತಂಗಿ ಎತ್ತಿದಳು. ಅವಳ ಸೆರಗು ಹಿಂದಕ್ಕೆ ಜಾರಿತು. ಅವಳ ಗಂಡ ಎತ್ತಿದ. ನಂಬುವುದು ಹೇಗೆ ಎಂದಿದ್ದ ಹೆಂಗಸು ಎತ್ತಿದಳು. ಆಮೇಲೆ ಗಾಳಿಗೆ ತೆನೆಗಳು ಏಳುವ ಹಾಗೆ ದಡದ ಉದ್ದಕ್ಕೂ ತಲೆಗಳು ಎದ್ದವು. ಗುರುತಿನವಳು ಮರಳಿನ ಮೇಲಿದ್ದ ಹಕ್ಕಿಯ ಕಾಲನ್ನು ತೋರಿಸಲು ಕೈ ಎತ್ತಿದಳು. ಆದರೆ ಯಾರ ಕಣ್ಣೂ ಮರಳಿನ ಮೇಲೆ ನಿಂತಿರಲಿಲ್ಲ. ಎಲ್ಲರೂ ಹಕ್ಕಿಯನ್ನು ದಾಟಿ ಆಚೆ ನೋಡುತ್ತಿದ್ದರು. ಅವಳೂ ತಿರುಗಿ ನೋಡಿದಳು.

ಬಿಸಿಲಿನಲ್ಲಿ ಮಂಜಿರಲಿಲ್ಲ. ಹೊಳೆ ಅವರು ಅಂದುಕೊಂಡಷ್ಟು ಅಗಲವೂ ಇರಲಿಲ್ಲ. ಆಚೆ ದಡದಲ್ಲಿ ಜನ ನಿಂತಿದ್ದರು. ಮಕ್ಕಳು, ಹುಡುಗ ಹುಡುಗಿಯರು, ಗಡ್ಡ ಬಂದವರು, ಮಗು ಎತ್ತಿಕೊಂಡವರು. ಮಳೆಗಾಲದಲ್ಲಿ ಹೋದವರು ಅಲ್ಲಿದ್ದರು. ಹೊಸ ಮಗು ಬರುತ್ತದೆ ಎಂದು ಬಂದವರು, ಪದ್ಧತಿಯಂತೆ ತಲೆ ಬಗ್ಗಿಸಿ ನಿಂತಿದ್ದರು. ಈಚೆ ದಡದಲ್ಲಿ, ಮಗನನ್ನು ಕಳಿಸಿದ್ದ ಆ ಹೆಂಗಸು ತನಗೇ ತಿಳಿಯದೆ ಒಂದು ಹೆಸರು ಕೂಗಿದಳು. ಅವಳು ಆ ಹೆಸರನ್ನು ಮೀಯಿಸುವ ಮೊದಲೇ ಮನಸ್ಸಿನಲ್ಲಿ ಇಟ್ಟಿದ್ದಳು, ಯಾರಿಗೂ ಹೇಳಿರಲಿಲ್ಲ. ಆ ಹೆಸರು ಅಲ್ಲಿ ಯಾರದೂ ಆಗಿರಲಿಲ್ಲ. ಆದರೂ ಕೂಗು ಬಂದ ಕಡೆಗೆ ಒಂದು ಚಿಕ್ಕ ತಲೆ ಎದ್ದಿತು. ಅದರ ಪಕ್ಕದ್ದು ಎದ್ದಿತು.

ದೋಣಿ ಅಷ್ಟರಲ್ಲಿ ಹತ್ತಿರ ಬಂದಿತ್ತು. ದೋಣಿಯವಳು ಹೇಳಬೇಕಾದ ಮಾತನ್ನು ಮರೆತು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಂಗಿ ಮಗುವನ್ನು ಎದೆಗವಚಿಕೊಂಡು ಎದ್ದಳು. ಬಾಣಂತಿ ಕಾಲು ತಡವರಿಸಿತು, ಅಕ್ಕ ತೋಳು ಹಿಡಿದಳು. ತಂಗಿ ಮೊರವನ್ನು ತೇಲಿಬಿಡಲಿಲ್ಲ. ದೋಣಿಯ ಅಂಚನ್ನು ಹಿಡಿದಳು.

"ಮಗು ಬರಬೇಕು ಅಂತ ಹಕ್ಕಿ ಹೇಳಿದೆಯಂತೆ," ಎಂದಳು. "ಬರಲಿ. ನಾನೂ ಬರ್ತೀನಿ."

ದೋಣಿಯವಳು ಅವಳ ಮುಖವನ್ನು ನೋಡಿದಳು. ಇಷ್ಟು ವರ್ಷ ಅವಳು ಕಂಡದ್ದು ಇವಳ ನೆತ್ತಿಯನ್ನು ಮಾತ್ರ. ನೋಡುತ್ತಿದ್ದಂತೆ ಅವಳ ಕಣ್ಣು ತುಂಬಿತು, ಅದರಲ್ಲಿ ಭಯವೂ ಇತ್ತು.

"ನಿನ್ನ ದೊಡ್ಡವನು ನನ್ನ ಮನೇಲಿದ್ದಾನೆ," ಎಂದಳು. "ಇದೇ ಮೂಗು. ಅವನು ನನ್ನನ್ನೇ ಅವ್ವ ಅಂತಾನೆ ಕಣಕ್ಕ."

"ಅನ್ನಲಿ," ಎಂದಳು ತಂಗಿ. "ನನಗೆ ನೋಡಿದರೆ ಸಾಕು."

ದೋಣಿಯವಳು ಸರಿದು ಜಾಗ ಮಾಡಿದಳು. ಹುಷಾರು, ಅಲುಗುತ್ತದೆ ಎಂದು ಕೈ ಕೊಟ್ಟಳು. ತಂಗಿ ಕೂತ ಮೇಲೆ ಅವಳ ಗಂಡ ದೋಣಿಯನ್ನು ಹಿಡಿದು ಸೊಂಟದಷ್ಟು ನೀರಿನವರೆಗೆ ಹಿಂದೆ ನಡೆದ. ತಂಗಿ ಒಮ್ಮೆ ತಿರುಗಿ ಅಕ್ಕನನ್ನು ನೋಡಿದಳು. ಆ ನೋಟದಲ್ಲಿ, ಹಬ್ಬಕ್ಕೆ ಕರೆದಾಗ, ಬುಟ್ಟಿ ಕೊಟ್ಟಾಗ ಇರುತ್ತಿದ್ದ ಜಾಗರೂಕತೆ ಇರಲಿಲ್ಲ. ಚಿಕ್ಕಂದಿನಲ್ಲಿ ಜಗಳ ಮುಗಿದ ಮೇಲೆ ನೋಡುತ್ತಿದ್ದ ಹಾಗೆ ನೋಡಿದಳು.

ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಮಳೆಗಾಲದಲ್ಲಿ ಹೆತ್ತ ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ನೀರಿಗಿಳಿದರು. ಮೇಲಿನ ತಿರುವಿನಲ್ಲಿ ನೀರು ಆಳವಿಲ್ಲ ಎಂದು ದನ ಕಾಯುವವರು ಕೂಗಿ ಹೇಳಿದರು. ಕೈ ಕೈ ಹಿಡಿದುಕೊಂಡು ಸಾಲಾಗಿ ದಾಟಿದರು. ಆಚೆಯಿಂದಲೂ ಕೆಲವರು ಇಳಿದರು. ಅವರ ಹಳದಿ ಮಕ್ಕಳು ಈಚೆಗಿದ್ದರು. ನಡುನೀರಿನಲ್ಲಿ ಎರಡು ಸಾಲುಗಳು ಸಂಧಿಸಿದಾಗ ಯಾರು ಯಾರಿಗೆ ದಾರಿ ಬಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ನಿಂತರು. ಅಷ್ಟು ಜನ ನೀರಿಗಿಳಿದದ್ದಕ್ಕೆ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಹಾರುವಾಗ ಅವು ಬರಿ ಬಿಳಿ.

ಎಲ್ಲರಿಗೂ ಸಿಗಬೇಕಾದದ್ದು ಸಿಕ್ಕಿತೆಂದಲ್ಲ. ಕೆಲವರ ಮಕ್ಕಳು ಅವರನ್ನು ಕಂಡು ತಾವು ಅವ್ವ ಎನ್ನುವವರ ಸೆರಗಿನ ಹಿಂದೆ ಅಡಗಿದವು. ಕೆಲವರು ಬಂದಿದ್ದು ತಡವಾಗಿತ್ತು, ಮಗು ತೀರಿಕೊಂಡಿತ್ತು. ತಂಗಿಯ ಮಗಳು ಮೊದಲು ಅವಳ ಕೈಯಲ್ಲಿದ್ದ ತಮ್ಮನನ್ನು ಮುಟ್ಟಿ ನೋಡಿದಳಂತೆ, ಆಮೇಲೆ ಅವಳನ್ನು. ಇದನ್ನೆಲ್ಲ ಗುರುತಿನವಳು ಆಮೇಲೆ ಕೇಳಿ ತಿಳಿದದ್ದು. ಆ ಹೊತ್ತಿನಲ್ಲಿ ಅವಳು ಈಚೆ ದಡದಲ್ಲೇ ಇದ್ದಳು.

ದಡ ಖಾಲಿಯಾಯಿತು. ಕಲ್ಲಿನ ಮೇಲೆ ಊರ ಹಿರಿಯ ಒಬ್ಬನೇ ಕೂತಿದ್ದ. ಅವನ ತಲೆ ಬಗ್ಗಿಯೇ ಇತ್ತು. ಅವಳು ಹೋಗಿ ಪಕ್ಕದಲ್ಲಿ ಕೂತಳು. ಬೈಯುತ್ತಾನೆ ಎಂದುಕೊಂಡಿದ್ದಳು.

"ಎಲ್ಲರೂ ಹೋದರಾ?" ಎಂದು ಕೇಳಿದ.

ಹೋದರು ಎಂದಳು.

"ಎಷ್ಟು ದೂರ ಇದೆ ಆ ದಡ?"

"ಕೂಗಿದರೆ ಕೇಳುತ್ತೆ."

ಹಿರಿಯ ಕೋಲಿನಿಂದ ಮರಳಿನಲ್ಲಿ ಏನೋ ಗೀಚಿದ, ಅಳಿಸಿದ. ತಾನು ಬೇಸಿಗೆಯಲ್ಲಿ ಆಚೆಯಿಂದ ಬಂದ ಮಗು ಎಂದ. ಚಿಕ್ಕವನಿದ್ದಾಗ ಸಂಜೆ ದನ ಹೊಡೆದುಕೊಂಡು ಇಲ್ಲಿಗೆ ಬಂದರೆ ನೀರಿನ ಕಡೆಯಿಂದ ಒಂದು ಹೆಂಗಸಿನ ದನಿ ಕೇಳುತ್ತಿತ್ತು, ಕೆಂಚಾ, ಕೆಂಚಾ ಎಂದು. ಈ ಊರಿನಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಸಾಕಿದವರನ್ನು ಕೇಳಿದರೆ ನೀರಿನ ಸದ್ದು ಎನ್ನುತ್ತಿದ್ದರು. ಎಷ್ಟೋ ವರ್ಷ ಕೇಳಿಸಿತು. ಒಂದು ಮಳೆಗಾಲದ ನಂತರ ನಿಂತಿತು.

"ತಲೆ ಎತ್ತಬೇಕು ಅಂತ ಆವತ್ತೇ ಅನ್ನಿಸಿತ್ತು," ಎಂದ.

ಆಮೇಲೆ ಎತ್ತಲು ನೋಡಿದ. ಆಗಲಿಲ್ಲ. ಅವನ ಕತ್ತು ಹಾಗೇ ಬಿಗಿದುಕೊಂಡಿತ್ತು, ಕತ್ತಿನ ನರಗಳು ಬರಿದೇ ನಡುಗಿದವು. ಗುರುತಿನವಳು ಎದ್ದು ಅವನ ಮುಂದೆ ಮಂಡಿಯೂರಿದಳು. ಒಂದು ಕೈಯನ್ನು ಅವನ ಹಿಂಗತ್ತಿಗೆ ಕೊಟ್ಟು, ಇನ್ನೊಂದನ್ನು ಗಲ್ಲದ ಕೆಳಗಿಟ್ಟು, ನೋವಾದರೆ ಹೇಳು ಎಂದು, ಮೆಲ್ಲಮೆಲ್ಲಗೆ ಎತ್ತತೊಡಗಿದಳು.